ಇಕ್ಕಟ್ಟು, ಕಷಾಯ, ಕರುಣೆ

ಪ್ರಾಣಿಯು ಕ್ರೂರವಾಗಿ ವರ್ತಿಸಿದಾಗ ಅದಕ್ಕೆ ಅದರ ಸ್ವಭಾವವು ಕಾರಣವೋ, ಅದು ಸಿಕ್ಕಿಕೊಂಡಿರುವ ಸಂದಣಿಯು ಕಾರಣವೋ ಎಂಬ ಪ್ರಶ್ನೆ ಜೈನ ತತ್ತ್ವಾಭ್ಯಾಸಿಗಳಿಗೆ ಹೊಸದಲ್ಲ. ಉಪಾದಾನ-ನಿಮಿತ್ತಗಳ ಚರ್ಚೆಯಲ್ಲಿ ಇದೇ ಪ್ರಶ್ನೆ ಬೇರೊಂದು ಹೆಸರಿನಿಂದ ನಮ್ಮ ಸ್ವಾಧ್ಯಾಯ ಮಂಡಲಗಳಲ್ಲಿ ಮರಳಿ ಮರಳಿ ಬರುತ್ತದೆ. ಮಣ್ಣು ಉಪಾದಾನ, ಕುಂಬಾರನು ನಿಮಿತ್ತ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಮಣ್ಣಿಗೆ ನೋವಿಲ್ಲ, ಗಡಿಗೆಗೆ ಪಾಪವಿಲ್ಲ. ಜೀವವುಳ್ಳ ದೃಷ್ಟಾಂತವೊಂದನ್ನು ತೆಗೆದುಕೊಂಡರೆ ಮಾತ್ರ ಈ ವಿಚಾರದ ಬಿಸಿ ಕೈಗೆ ತಟ್ಟುತ್ತದೆ. ಅಂಥ ದೃಷ್ಟಾಂತಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಲಕಮನಹಳ್ಳಿಯಿಂದ ಧಾರವಾಡ ಪಟ್ಟಣವನ್ನು ದಾಟಿ ಹಳಿಯಾಳದ ರಸ್ತೆಯನ್ನು ಹಿಡಿದರೆ ಸಿಗುವ ತೇಗದ ಕಾಡಿನಲ್ಲಿಯೇ ಅದು ನಡೆದಿದೆ. ಜಗತ್ತಿನ ಪ್ರಾಣಿಶಾಸ್ತ್ರಜ್ಞರೆಲ್ಲ ಧಾರವಾಡದ ಹೆಸರನ್ನು ಕೇಳಿದ್ದು ಅದರಿಂದಲೇ.

1961ರಿಂದ 1963ರ ವರೆಗೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಈ ಭಾಗದ ಮುಸುವಗಳನ್ನು, ಅಂದರೆ ನಾವು ಹನುಮಂತನೆಂದು ಕೈಮುಗಿಯುವ ಕರಿಮೋರೆಯ ಮಂಗಗಳನ್ನು, ದಿನದಿನವೂ ಹಿಂಬಾಲಿಸಿ ಅಭ್ಯಾಸ ಮಾಡಿದರು. ಇಲ್ಲಿಯ ಹಿಂಡುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಗಡವ; ಉಳಿದವು ಹೆಣ್ಣುಗಳು ಮತ್ತು ಮರಿಗಳು. ಹಿಂಡಿಲ್ಲದ ಗಂಡುಗಳು ತಮ್ಮದೇ ಗುಂಪು ಕಟ್ಟಿಕೊಂಡು ಕಾಡಿನಲ್ಲಿ ತಿರುಗುತ್ತಿದ್ದವು. 1962ರಲ್ಲಿ ಅಂಥ ಏಳು ಗಂಡುಗಳ ಗುಂಪೊಂದು ಒಂದು ಹಿಂಡಿನ ಮೇಲೆ ಬಿದ್ದು, ಅದರ ಗಡವನನ್ನು ಓಡಿಸಿತು. ಕೊನೆಗೆ ಏಳರಲ್ಲಿ ಒಂದು ಮಾತ್ರ ಯಜಮಾನನಾಗಿ ಉಳಿಯಿತು. ಮುಂದಿನ ವಾರಗಳಲ್ಲಿ ಆ ಹಿಂಡಿನ ಎಳೆಯ ಮರಿಗಳು ಹೊಸ ಗಡವನ ಕಡಿತಕ್ಕೆ ಬಲಿಯಾದವು. ಮರಿಗಳನ್ನು ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದರೊಡನೆಯೇ ಕೂಡಿದರು.

ಸುಗಿಯಾಮಾ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಬೇರೊಂದು ಹಿಂಡಿನ ಒಬ್ಬನೇ ಗಡವನನ್ನು ಹಿಡಿದು ತೆಗೆದು, ಮುಂದೇನಾಗುವುದೆಂದು ನೋಡಿದರು. ನೆರೆಯ ಗಂಡು ಬಂದು ಹಿಂಡನ್ನು ವಶಪಡಿಸಿಕೊಂಡಿತು. ಅಲ್ಲಿಯೂ ಮರಿಗಳು ಸತ್ತವು. ಇದನ್ನು ಅವರು ಮುಚ್ಚಿಡದೆ 1966ರಲ್ಲಿ ಪ್ರಕಟಿಸಿದರು. ವಿದ್ಯೆಯ ಲೋಕದಲ್ಲಿ ಆ ಪ್ರಯೋಗಕ್ಕೆ ಬೆಲೆಯಿದೆ, ನಿಜ. ಆದರೆ ಶ್ರಾವಕನಾದವನು ಅದನ್ನು ಓದಿದಾಗ ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಬೇಕಾಗುತ್ತದೆ. ಕಚ್ಚಿದ್ದು ಗಡವ, ಆದರೆ ಬಾಗಿಲು ತೆರೆದವರು ಯಾರು? ಈ ಪ್ರಶ್ನೆಗೆ ಮುಂದೆ ಬರೋಣ.

ಧಾರವಾಡದ ವರ್ತಮಾನವು ಹೊರಬಿದ್ದಾಗ ಅದನ್ನು ನಂಬಲು ಅನೇಕರಿಗೆ ಮನಸ್ಸಾಗಲಿಲ್ಲ. ಏಕೆಂದರೆ ಅದಕ್ಕೆ ಕೆಲವೇ ವರ್ಷ ಮೊದಲು ಅಮೆರಿಕೆಯ ವಿದುಷಿ ಫಿಲಿಸ್ ಜೇ ಅವರು ಉತ್ತರ ಭಾರತದಲ್ಲಿ, ಉತ್ತರ ಪ್ರದೇಶದ ಕೌಕೋರಿ ಎಂಬ ಹಳ್ಳಿಯಲ್ಲಿಯೂ ಮಧ್ಯಭಾರತದ ಓರ್ಛಾದ ಕಾಡಿನಲ್ಲಿಯೂ, ಇದೇ ಜಾತಿಯ ಮುಸುವಗಳನ್ನು ಕಂಡು ಅವು ಶಾಂತಸ್ವಭಾವದವೆಂದು ಬರೆದಿದ್ದರು. ಒಂದೇ ಹಿಂಡಿನಲ್ಲಿ ಹಲವು ಗಂಡುಗಳು, ಜಗಳ ಕಡಿಮೆ, ಮರಿಗಳ ಹತ್ಯೆ ಇಲ್ಲವೇ ಇಲ್ಲ. ಹಾಗಾದರೆ ಧಾರವಾಡದ ಮುಸುವಗಳಿಗೆ ಏನಾಗಿತ್ತು? ಎರಡು ಕಡೆಯ ಲೆಕ್ಕವನ್ನು ಅಕ್ಕಪಕ್ಕದಲ್ಲಿಟ್ಟಾಗ ಒಂದು ಅಂಕಿ ಎಲ್ಲರ ಕಣ್ಣಿಗೂ ಹೊಡೆಯಿತು. ಉತ್ತರದ ನೆಲೆಗಳಲ್ಲಿ ಚದರ ಮೈಲಿಗೆ ಮುಸುವಗಳು ಹತ್ತರ ಆಸುಪಾಸಿನಲ್ಲಿದ್ದರೆ, ಧಾರವಾಡದ ಕಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಇದ್ದವು. ಇಕ್ಕಟ್ಟೇ ಕ್ರೌರ್ಯದ ತಾಯಿ ಎಂಬ ತೀರ್ಮಾನಕ್ಕೆ ಇದು ಸಾಕಾಯಿತು.

ಆ ಕಾಲದ ಗಾಳಿಯೂ ಹಾಗೆಯೇ ಇತ್ತು. 1962ರಲ್ಲಿಯೇ ಜಾನ್ ಕ್ಯಾಲ್‌ಹೂನ್ ಎಂಬ ಅಮೆರಿಕೆಯ ವಿಜ್ಞಾನಿ ತಮ್ಮ ಇಲಿಗಳ ಪ್ರಯೋಗವನ್ನು ಪ್ರಕಟಿಸಿದರು. ಅನ್ನ ನೀರಿಗೆ ಕೊರತೆಯಿಲ್ಲದ ಆವರಣದಲ್ಲಿ ಇಲಿಗಳನ್ನು ಬಿಟ್ಟು ಅವುಗಳ ಸಂಖ್ಯೆ ಬೆಳೆಯಲು ಅವಕಾಶ ಕೊಟ್ಟಾಗ ತಾಯಂದಿರು ಗೂಡು ಕಟ್ಟುವುದನ್ನು ಮರೆತವು, ಮರಿಗಳಲ್ಲಿ ಬಹುಪಾಲು ಹಾಲುಣ್ಣುವ ವಯಸ್ಸಿನಲ್ಲಿಯೇ ಸತ್ತವು, ಕೆಲವು ಗಂಡುಗಳು ಕಂಡಕಂಡವನ್ನು ಕಚ್ಚಿದವು, ಕೆಲವು ಮೂಲೆ ಹಿಡಿದವು. 1968ರಲ್ಲಿ ಅವರು ಆರಂಭಿಸಿದ ಸುಂಡಿಲಿಗಳ ಪ್ರಯೋಗದಲ್ಲಿ ನಾಲ್ಕು ಜೋಡಿಗಳು ಬೆಳೆದು 2200ರ ವರೆಗೆ ಮುಟ್ಟಿ, ಅನಂತರ ಸಂತಾನವೇ ನಿಂತು ಆ ವಂಶ ಅಳಿಯಿತು. ಪತ್ರಿಕೆಗಳು ಇದನ್ನು ಮನುಷ್ಯನ ನಗರಗಳ ಭವಿಷ್ಯವೆಂದು ಸಾರಿದವು. ಮುಂಬಯಿಯ ಚಾಳುಗಳಲ್ಲಿ ಹತ್ತು ಜನರು ಒಂದು ಕೋಣೆಯಲ್ಲಿದ್ದು ಮಕ್ಕಳನ್ನು ಓದಿಸಿ ಮುಂದೆ ತಂದ ಕುಟುಂಬಗಳು ನಮ್ಮ ಸಮಾಜದಲ್ಲಿ ಎಷ್ಟಿಲ್ಲ! ಅವರನ್ನು ಆ ಪತ್ರಿಕೆಗಳು ಕೇಳಲಿಲ್ಲ.

ಕ್ಯಾಲ್‌ಹೂನರ ಪ್ರಯೋಗದಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. ವ್ಯಾಪಾರಿಯಾದ ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಗಟ್ಟಿಯಾದ ಆಹಾರವನ್ನು ಜಾಲರಿಯ ಹಿಂದಿಟ್ಟು ಇಲಿಗಳು ಬಹಳ ಹೊತ್ತು ಕೆರೆದು ತಿನ್ನುವಂತೆ ಏರ್ಪಡಿಸಿದಾಗ, ಅವು ತಿನ್ನುವಾಗಲೆಲ್ಲ ಪಕ್ಕದಲ್ಲಿ ಇನ್ನೊಂದು ಇಲಿ ಇದ್ದೇ ಇರುತ್ತಿತ್ತು. ಕ್ರಮೇಣ ಜೊತೆಯಿಲ್ಲದೆ ತಿನ್ನುವುದೇ ಅವಕ್ಕೆ ಒಗ್ಗದಾಯಿತು. ಬೇರೆ ಅಂಕಣಗಳಲ್ಲಿ ಆಹಾರವಿದ್ದರೂ ಎಲ್ಲವೂ ಒಂದೇ ಕಡೆ ಬಂದು ಮುಗಿಬಿದ್ದವು. ಮುಂದೆ ಬೇಗ ತಿಂದು ಹೋಗಬಹುದಾದ ಪುಡಿಯ ಆಹಾರವನ್ನು ಕೊಟ್ಟಾಗ ಆ ಮುಗಿಬೀಳುವಿಕೆ ಉಂಟಾಗಲಿಲ್ಲ. ಅಂದರೆ ಆ ಆವರಣದ ಕೇಡಿಗೆ ಇಲಿಗಳ ಸಂಖ್ಯೆಯಷ್ಟೇ ಕಾರಣವಾಗಿರಲಿಲ್ಲ. ಅನ್ನವನ್ನು ಬಡಿಸಿದ ರೀತಿಯೂ ಕಾರಣವಾಗಿತ್ತು. ಹೊರಗೆ ಹೋಗಲು ದಾರಿಯಿಲ್ಲದಿರುವುದು ಅದಕ್ಕೆ ಕೂಡಿತು.

ಇನ್ನು ಮುಸುವಗಳ ಕಥೆಯ ಮುಂದಿನ ಭಾಗ ನಡೆದದ್ದು ಅರ್ಬುದಾಚಲದಲ್ಲಿ, ನಮ್ಮ ಆಬೂ ಪರ್ವತದಲ್ಲಿ. 1031ರ ವಿಮಲವಸಹಿ, 1230ರ ಲೂಣವಸಹಿಗಳಿಂದ ಜಗತ್ತಿಗೆ ಪರಿಚಿತವಾದ ಆ ಬೆಟ್ಟಕ್ಕೆ 1971ರಲ್ಲಿ ಸಾರಾ ಹರ್ಡಿ ಎಂಬ ಅಮೆರಿಕೆಯ ತರುಣಿ ಬಂದರು. ಯಾತ್ರಿಕರು ಶಿಲ್ಪವನ್ನು ನೋಡುತ್ತಿದ್ದಾಗ ಆಕೆ ಮರಗಳ ಮೇಲಿನ ಮುಸುವಗಳನ್ನು ನೋಡಿದರು. ಇಕ್ಕಟ್ಟಿನಿಂದ ಬುದ್ಧಿಗೆಟ್ಟ ಮುಸುವಗಳು ಮರಿಗಳನ್ನು ಕೊಲ್ಲುತ್ತವೆ ಎಂಬ ಮಾತನ್ನು ಪರೀಕ್ಷಿಸಲೆಂದೇ ಆಕೆ ಬಂದಿದ್ದರು. ಕೆಲವು ವರ್ಷಗಳ ಅಭ್ಯಾಸದ ಅನಂತರ ಆಕೆಗೆ ದೊರೆತ ಉತ್ತರ ಬೇರೆಯಾಗಿತ್ತು. ಗಡವನ ಯಜಮಾನಿಕೆ ಅಲ್ಪಕಾಲದ್ದು, ಸರಾಸರಿಯಲ್ಲಿ ಎರಡು ವರ್ಷಕ್ಕೆ ಸ್ವಲ್ಪ ಮೇಲೆ. ಹಾಲೂಡುವ ತಾಯಿ ಬೇಗ ಗರ್ಭ ಧರಿಸಲಾರಳು. ಹಿಂದಿನ ಗಡವನ ಮರಿ ಬದುಕಿರುವಷ್ಟು ಕಾಲ ಹೊಸಬನ ಸಂತಾನಕ್ಕೆ ಅವಕಾಶ ಕುಗ್ಗುತ್ತದೆ. ಹಾಗಾಗಿ ಮರಿಗಳನ್ನು ಕೊಂದ ಗಂಡುಗಳ ಸಂತತಿಯೇ ತಲೆಮಾರುಗಳಲ್ಲಿ ಹೆಚ್ಚಿ, ಆ ಪ್ರವೃತ್ತಿಯು ವಂಶದಲ್ಲಿ ಉಳಿಯಿತು. ಇದು ರೋಗವಲ್ಲ, ಅನುಕೂಲ. 1977ರಲ್ಲಿ ಪ್ರಕಟವಾದ ಆಕೆಯ ಗ್ರಂಥದ ಸಾರ ಇಷ್ಟು. ಹೆಣ್ಣುಗಳೂ ಸುಮ್ಮನಿರಲಿಲ್ಲವೆಂದು ಆಕೆ ತೋರಿಸಿದರು: ಅವು ಒಟ್ಟಾಗಿ ಮರಿಗಳನ್ನು ಕಾಪಾಡಲು ಹೆಣಗುತ್ತಿದ್ದವು, ತಂದೆ ಯಾರೆಂಬುದು ತಿಳಿಯದಂತೆ ಹೊರಗಿನ ಗಂಡುಗಳೊಡನೆಯೂ ಕೂಡುತ್ತಿದ್ದವು.

ವಾದ ಇಲ್ಲಿಗೆ ನಿಲ್ಲಲಿಲ್ಲ. ಜೋಧಪುರದಲ್ಲಿ ಎಸ್. ಎಂ. ಮೋಹನೋತ್ ಅವರು ಧಾರವಾಡದಂಥದೇ ಘಟನೆಗಳನ್ನು 1971ರಲ್ಲಿ ವರದಿ ಮಾಡಿದ್ದರು. ಮನುಷ್ಯರ ತೊಂದರೆಯಿಂದ ಕೆಟ್ಟ ನೆಲೆಗಳಲ್ಲಿ ಮಾತ್ರ ಹೀಗಾಗುತ್ತದೆಂದು ಮೊದಲಿನ ಪಕ್ಷದವರು ಪಟ್ಟು ಹಿಡಿದರು. 1999ರಲ್ಲಿ ನೇಪಾಳದ ರಾಮನಗರದ ಕಾಡಿನಿಂದ ಒಂದು ಗಟ್ಟಿ ಸಾಕ್ಷ್ಯ ಬಂತು. ಅಲ್ಲಿ ಮನುಷ್ಯರ ಕೈಯ ತುತ್ತಿಲ್ಲದೆ ಬದುಕುವ, ಹಲವು ಗಂಡುಗಳಿರುವ ಹಿಂಡುಗಳಲ್ಲಿಯೂ ಶಿಶುಹತ್ಯೆ ಕಂಡಿತು. ವಂಶವಾಹಿಗಳ ಪರೀಕ್ಷೆಯಲ್ಲಿ, ಕೊಂದ ಗಂಡು ಸತ್ತ ಮರಿಯ ತಂದೆಯಾಗಿರಲಿಲ್ಲವೆಂದು ಖಚಿತವಾಯಿತು. ಹೀಗೆ ಇಕ್ಕಟ್ಟೊಂದೇ ಕಾರಣವೆಂಬ ಮಾತು ಬಿದ್ದುಹೋಯಿತು. ಆದರೆ ಇಕ್ಕಟ್ಟು ಏನೂ ಅಲ್ಲವೆಂದೂ ಹೇಳಲಾಗದು. ಕಾಡಿನಲ್ಲಿ ಹಿಂಡುಗಳು ಒತ್ತೊತ್ತಾಗಿದ್ದು ನೆಲೆಯಿಲ್ಲದ ಗಂಡುಗಳ ಗುಂಪುಗಳು ಸುತ್ತಲೂ ಕಾದಿರುವಾಗ ಯಜಮಾನಿಕೆ ಕೈಬದಲಾಗುವ ಪ್ರಸಂಗಗಳು ಹೆಚ್ಚುವುದು ಸಹಜ. ಒಳಗಿರುವ ಪ್ರವೃತ್ತಿಗೆ ಹೊರಗಿನ ಸಂದಣಿ ಅವಸರವನ್ನು ಒದಗಿಸುತ್ತದೆ.

ನಮ್ಮ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಕರ್ಮದ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಅವಲಂಬಿಸಿದೆ. ಸಂದಣಿಯು ಕ್ಷೇತ್ರಕ್ಕೆ ಸೇರಿದ್ದು. ಎಲ್ಲವೂ ಪರಿಸ್ಥಿತಿಯ ಆಟವೆನ್ನುವ ಇಂದಿನ ಪಂಡಿತರೂ, ಎಲ್ಲವೂ ಪೂರ್ವಕರ್ಮವೆಂದು ಕೈಚೆಲ್ಲುವ ನಮ್ಮವರೂ ಸಮಾನವಾಗಿ ಏಕಾಂತವಾದಿಗಳೇ. ಎರಡನೆಯವರ ಮೇಲೆ ನನಗೆ ಹೆಚ್ಚು ಅಸಮಾಧಾನ, ಏಕೆಂದರೆ ಕ್ಷೇತ್ರವನ್ನು ಕಾರಣಗಳ ಪಟ್ಟಿಯಲ್ಲಿ ಸೇರಿಸಿಟ್ಟ ಶಾಸ್ತ್ರವನ್ನು ಅವರು ಓದಿರುತ್ತಾರೆ.

ಎಲ್ಲ ಜೀವಿಗಳ ಮೇಲೆ ಕ್ಷೇತ್ರದ ಬಲವು ಒಂದೇ ತೆರನಾಗಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಮಿಡತೆಯನ್ನು ನೋಡಿರಿ. ಒಂಟಿಯಾಗಿರುವಾಗ ಅದು ಸಾಧು ಹುಳು. ತನ್ನ ಜಾತಿಯವರಿಂದ ದೂರವೇ ಇರುತ್ತದೆ. ಗುಂಪಿನ ಮಿಡತೆಯೂ ಒಂಟಿ ಮಿಡತೆಯೂ ಒಂದೇ ಜಾತಿಯ ಎರಡು ಅವಸ್ಥೆಗಳೆಂದು ಬೋರಿಸ್ ಉವಾರೊವ್ ಅವರು 1921ರಲ್ಲಿ ತೋರಿಸುವವರೆಗೆ ಅವನ್ನು ಎರಡು ಬೇರೆ ಜಾತಿಗಳೆಂದೇ ಎಣಿಸಲಾಗಿತ್ತು. ಮೇವು ಕಡಿಮೆಯಾಗಿ ಮಿಡತೆಗಳು ಒತ್ತೊತ್ತಾಗಿ ಸೇರಿದಾಗ ಹಿಂಗಾಲಿಗೆ ಮತ್ತೆ ಮತ್ತೆ ತಗಲುವ ಸ್ಪರ್ಶವೊಂದೇ ಅದರ ನರಗಳಲ್ಲಿ ಸೆರೊಟೋನಿನ್ ಎಂಬ ದ್ರವ್ಯವನ್ನು ಏರಿಸಿ, ಒಂದೆರಡು ತಾಸುಗಳಲ್ಲಿ ಅದರ ನಡತೆಯನ್ನೇ ತಿರುಗಿಸುತ್ತದೆ. ಇದು ಮರುಭೂಮಿಯ ಮಿಡತೆಗಳಲ್ಲಿ 2009ರಲ್ಲಿ ಸಿದ್ಧವಾಯಿತು. ಮುಂದೆ ಬಣ್ಣವೂ ಬದಲಾಗುತ್ತದೆ. ಹಿಂದಿರುವುದು ತನ್ನನ್ನು ಕಚ್ಚುವುದೆಂಬ ಒತ್ತಡದಿಂದಲೇ ಮರಿಮಿಡತೆಗಳ ಸೈನ್ಯ ಮುಂದೆ ಸಾಗುತ್ತದೆಯೆಂದೂ ಕಂಡುಬಂದಿದೆ. 2020ರಲ್ಲಿ ರಾಜಸ್ಥಾನದಿಂದ ಮಹಾರಾಷ್ಟ್ರದ ವಿದರ್ಭದವರೆಗೆ ಹೊಲಗಳ ಮೇಲೆ ಇಳಿದದ್ದು ಇಂಥ ಹಿಂಡುಗಳೇ.

ಇಕ್ಕಟ್ಟು ಒಂದು ಪ್ರಾಣಿಯ ನಡತೆಯನ್ನಷ್ಟೇ ಅಲ್ಲ, ತಲೆಮಾರುಗಳ ಮೈಯನ್ನೂ ತಿದ್ದುತ್ತದೆ. ಹಣ್ಣಿನ ಮೇಲೆ ಕೂರುವ ಸಣ್ಣ ನೊಣಗಳ ಹುಳುಗಳನ್ನು ಇಕ್ಕಟ್ಟಿನ ಶೀಶೆಗಳಲ್ಲಿ ತಲೆಮಾರುಗಳ ಕಾಲ ಸಾಕಿದಾಗ ಅವು ಹೆಚ್ಚು ವೇಗವಾಗಿ ತಿನ್ನುವವಾಗಿ ವಿಕಾಸಗೊಂಡವೆಂದು ಅಮಿತಾಭ ಜೋಶಿ ಮತ್ತು ಲಾರೆನ್ಸ್ ಮುಲ್ಲರ್ ಅವರು 1988ರಲ್ಲಿ ಪ್ರಕಟಿಸಿದರು. ಅವಸರದಿಂದ ತಿನ್ನುವ ಆ ಹುಳುಗಳಿಗೆ ಬೆಳೆದು ನೊಣವಾಗಲು ಬೇಕಾದ ಆಹಾರ ಮಾತ್ರ ಹೆಚ್ಚಾಯಿತು! ಅದೇ ಜೋಶಿಯವರು ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬೇರೆ ಜಾತಿಯ ನೊಣಗಳ ಮೇಲೆ ಸಂಗಡಿಗರೊಡನೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ದಾರಿ ಕಂಡಿತು. ಅಲ್ಲಿ ಹುಳುಗಳು ತಿನ್ನುವ ವೇಗವನ್ನು ಹೆಚ್ಚಿಸಿಕೊಳ್ಳದೆಯೇ ಇಕ್ಕಟ್ಟಿನಲ್ಲಿ ಗೆಲ್ಲುವವಾಗಿದ್ದವು. ಒಂದೇ ಇಕ್ಕಟ್ಟಿಗೆ ಎರಡು ಉತ್ತರಗಳು. ಅಪರಿಗ್ರಹವನ್ನು ಕುರಿತು ಉಪನ್ಯಾಸ ಮಾಡುವವರಿಗೆ ಇಲ್ಲಿ ಒಳ್ಳೆಯ ದೃಷ್ಟಾಂತವಿದೆ. ಆದರೆ ನೊಣಕ್ಕೆ ವ್ರತವಿಲ್ಲವಾದ್ದರಿಂದ ಅದನ್ನು ಅತಿಯಾಗಿ ಎಳೆಯಬಾರದು.

ಮಿಡತೆ, ನೊಣಗಳು ಚತುರಿಂದ್ರಿಯ ಜೀವಿಗಳು, ಮನಸ್ಸಿಲ್ಲದವು. ಸಂಜ್ಞಿ ಪಂಚೇಂದ್ರಿಯಗಳಲ್ಲಿ ಕ್ಷೇತ್ರಕ್ಕೂ ಕ್ರಿಯೆಗೂ ನಡುವೆ ಕೊಂಚ ಎಡೆ ಕಾಣುತ್ತದೆ. ನೆದರ್ಲೆಂಡ್ಸಿನ ಆರ್ನೆಮ್ ಮೃಗಾಲಯದಲ್ಲಿ ಚಿಂಪಾಂಜಿಗಳು ಬೇಸಗೆಯಲ್ಲಿ ವಿಶಾಲವಾದ ದ್ವೀಪದಲ್ಲಿಯೂ ಚಳಿಗಾಲದಲ್ಲಿ ಬಹು ಚಿಕ್ಕದಾದ ಕೋಣೆಗಳಲ್ಲಿಯೂ ಇರುತ್ತಿದ್ದವು. ಒಳಗಿರುವಾಗ ಜಗಳವು ಬೆಟ್ಟದಷ್ಟು ಬೆಳೆಯಬೇಕಾಗಿತ್ತು. ಬೆಳೆದದ್ದು ಸ್ವಲ್ಪ ಮಾತ್ರ. ಅದಕ್ಕೆ ಬದಲಾಗಿ ಒಂದರ ಮೈಯನ್ನೊಂದು ಹೆಕ್ಕುವುದು, ತಲೆಬಾಗಿ ಸಮಾಧಾನಪಡಿಸುವುದು ಹೆಚ್ಚಾಯಿತು. ಫ್ರಾನ್ಸ್ ಡಿ ವಾಲ್ ಮುಂತಾದವರು ಇದನ್ನು ಇಕ್ಕಟ್ಟಿನೊಡನೆ ಹೊಂದಿಕೊಳ್ಳುವ ಜಾಣತನವೆಂದು ಕರೆದರು. ಕ್ಯಾಲ್‌ಹೂನರ ಇಲಿಗಳೂ ಸಂಜ್ಞಿಗಳೇ ಅಲ್ಲವೇ ಎಂದು ವಾಚಕರು ಕೇಳಬಹುದು. ಹೌದು. ಆದ್ದರಿಂದ ಇಂದ್ರಿಯ ಮನಸ್ಸುಗಳ ಲೆಕ್ಕದಿಂದಲೇ ಎಲ್ಲವನ್ನೂ ಬಿಡಿಸಲಾಗದು. ಎಡೆ ಇದೆಯೆಂದಷ್ಟೇ ಹೇಳಬಹುದು. ಎಲ್ಲರೂ ಅದನ್ನು ಬಳಸುತ್ತಾರೆಂದು ಹೇಳಲಾಗದು.

ಮುಸುವದ ಗಡವನು ಪಾಪಿಯೇ? ಹಿಂಸೆಯ ಮೂಲವು ಕಷಾಯಯುಕ್ತ ಪ್ರಮಾದವೆಂದು ತತ್ತ್ವಾರ್ಥಸೂತ್ರದ ಸಿದ್ಧಾಂತ. ಕ್ರೋಧವೂ ಲೋಭವೂ ತಿರ್ಯಂಚರಲ್ಲಿ ಇವೆ, ಬಂಧವೂ ಇದೆ. ಆದರೆ ವಿಜ್ಞಾನಿಗಳು ಹೇಳುವ ವಂಶವೃದ್ಧಿಯ ಲೆಕ್ಕವು ಗಡವನ ಮನಸ್ಸಿನಲ್ಲಿಲ್ಲ. ಅದು ಲೆಕ್ಕಪತ್ರ ಬರೆಯುವವನು ವರ್ಷಾಂತ್ಯದಲ್ಲಿ ಹೊರಗೆ ಕುಳಿತು ತೆಗೆದ ಬಾಕಿ. ವಿಕಾಸದ ಫಲವನ್ನು ಪ್ರಾಣಿಯ ಸಂಕಲ್ಪವೆಂದು ತಿಳಿಯುವುದು ತಪ್ಪು. ಹಾಗೆಯೇ ಪ್ರಕೃತಿಯಲ್ಲಿ ಒಂದು ನಡತೆಯಿಂದ ಸಂತಾನ ಹೆಚ್ಚಿತೆಂಬುದರಿಂದ ಅದು ಯೋಗ್ಯವೆಂದು ಸಿದ್ಧವಾಗುವುದಿಲ್ಲ.

ತಿರ್ಯಂಚನು ದೇಶವ್ರತಿಯಾಗಬಲ್ಲನೆಂದು, ಐದನೆಯ ಗುಣಸ್ಥಾನದವರೆಗೆ ಏರಬಲ್ಲನೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಶ್ವೇತಾಂಬರ ಪರಂಪರೆಯ ಜ್ಞಾತಾಧರ್ಮಕಥಾಂಗದಲ್ಲಿ ಬರುವ ಮೇಘಕುಮಾರನ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಅದು ಮೊದಲಿನಿಂದ ಕೊನೆಯವರೆಗೆ ಇಕ್ಕಟ್ಟಿನ ಕಥೆಯೇ ಆಗಿದೆ. ಶ್ರೇಣಿಕ ಮಹಾರಾಜನ ಮಗ ಮೇಘನು ದೀಕ್ಷೆ ಪಡೆದ ಮೊದಲ ರಾತ್ರಿ, ಕಿರಿಯನಾದ್ದರಿಂದ ಅವನ ಹಾಸು ಬಾಗಿಲ ಬಳಿ ಬಿತ್ತು. ಹೋಗಿ ಬರುವ ಮುನಿಗಳ ಕಾಲು ತಗಲಿ, ಧೂಳು ಬಿದ್ದು, ರಾಜಕುಮಾರನಿಗೆ ನಿದ್ದೆ ಬರಲಿಲ್ಲ. ಬೆಳಗಾದರೆ ಮನೆಗೆ ಮರಳುವೆನೆಂದು ನಿಶ್ಚಯಿಸಿದನು. ಭಗವಾನ್ ಮಹಾವೀರರು ಆಗ ಅವನಿಗೆ ಹಿಂದಿನ ಜನ್ಮವನ್ನು ತಿಳಿಸಿದರು. ಅವನು ಆನೆಯಾಗಿದ್ದಾಗ ಕಾಳ್ಗಿಚ್ಚಿಗೆ ಅಂಜಿ ಕಾಡಿನ ಪ್ರಾಣಿಗಳೆಲ್ಲ ಒಂದು ಬಯಲಿಗೆ ಬಂದು ಒತ್ತೊತ್ತಾಗಿ ನಿಂತಿದ್ದವು. ತುರಿಸಿಕೊಳ್ಳಲು ಆನೆ ಒಂದು ಕಾಲೆತ್ತಿತು. ಆ ತೆರವಾದ ಗೇಣು ಜಾಗಕ್ಕೆ ಮೊಲವೊಂದು ಬಂದು ನಿಂತಿತು. ಬೆಂಕಿ ಆರುವವರೆಗೆ, ಎರಡೂವರೆ ದಿನ, ಆನೆ ಕಾಲನ್ನು ಕೆಳಗಿಡಲಿಲ್ಲ. ಇದನ್ನು ಕೇಳಿ ಮೇಘನು ಉಳಿದನು. ಸ್ಥಳವನ್ನು ವಿಸ್ತರಿಸುವ ಶಕ್ತಿ ಆನೆಗಿರಲಿಲ್ಲ. ತಾನು ಆಕ್ರಮಿಸುವ ಸ್ಥಳವನ್ನು ಒಂದು ಪಾದದಷ್ಟು ಕಡಿಮೆ ಮಾಡುವ ಶಕ್ತಿಯಿತ್ತು.

ಈಗ ನಮ್ಮ ಮಾತಿಗೆ ಬರೋಣ. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವನ ಹೊಣೆ ಬೇರೆ, ಇಕ್ಕಟ್ಟನ್ನು ನಿರ್ಮಿಸಿದವನ ಹೊಣೆ ಬೇರೆ. ಎರಡನೆಯವರಲ್ಲಿ ನಾವೇ ಇದ್ದೇವೆ, ಅದೂ ಜೀವದಯೆಯ ಹೆಸರಿನಲ್ಲಿ. ಪಾಂಜರಪೋಳ, ಗೋಶಾಲೆ, ಪಾರಿವಾಳಗಳಿಗೆ ಜೋಳ ಚೆಲ್ಲುವ ಕಟ್ಟೆ, ಬೆಟ್ಟದ ಬಸದಿಯ ಮೆಟ್ಟಿಲುಗಳಲ್ಲಿ ಮಂಗಗಳಿಗೆ ಬಾಳೆಹಣ್ಣು, ಇವೆಲ್ಲ ಪುಣ್ಯಕಾರ್ಯಗಳೆಂದು ತಲೆಮಾರುಗಳಿಂದ ನಡೆದು ಬಂದಿವೆ. ಇವೆಲ್ಲ ಪ್ರಾಣಿಗಳನ್ನು ಒಂದೆಡೆ ಕೂಡಿಸುವ ಕಾರ್ಯಗಳೂ ಹೌದು.

2025ರಲ್ಲಿ ಮುಂಬಯಿಯ ದಾದರಿನ ಕಬೂತರಖಾನೆಯನ್ನು ಮಹಾನಗರಪಾಲಿಕೆ ಮುಚ್ಚಿದಾಗ ನಮ್ಮ ಸಮಾಜದವರು ಬೀದಿಗಿಳಿದರು, ತಾಡಪತ್ರಿಯನ್ನು ಕಿತ್ತರು, ವ್ಯಾಜ್ಯ ಉಚ್ಚ ನ್ಯಾಯಾಲಯದ ಮುಂದೆ ಹೋಯಿತು. ಹಕ್ಕಿಗಳನ್ನು ಒಮ್ಮೆಗೇ ಹಸಿವಿಗೆ ದೂಡುವುದು ನಿರ್ದಯವೆಂಬ ನಮ್ಮವರ ಮಾತು ಸತ್ಯ. ಪಾರಿವಾಳದ ಹಿಕ್ಕೆ, ಗರಿಗಳ ಧೂಳಿನಿಂದ ಕೆಲವರಿಗೆ ಶ್ವಾಸಕೋಶದ ಕಠಿಣ ರೋಗ ಬರುತ್ತದೆಂಬ ವೈದ್ಯರ ಮಾತೂ ಸತ್ಯ. ಆದರೆ ಎರಡೂ ಪಕ್ಷದವರು ಪಾರಿವಾಳದ ಕಡೆಯಿಂದ ನೋಡಿದ್ದು ಕಡಿಮೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1988ರಿಂದ 1992ರ ವರೆಗೆ ಜನರಿಗೆ ತಿಳಿಹೇಳಿ ಕಾಳು ಚೆಲ್ಲುವುದನ್ನು ಕಡಿಮೆ ಮಾಡಿಸಿದ್ದು ಮುಖ್ಯ ಉಪಾಯವಾಗಿ, ಪಾರಿವಾಳಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಅಲ್ಲಿಯ ವಿಜ್ಞಾನಿ ಡೇನಿಯಲ್ ಹಾಗ್ ಅವರ ವಾದವಿಷ್ಟೇ: ಅಮಿತವಾದ ಕಾಳಿನಿಂದ ಮರಿಗಳು ಮಿತಿಮೀರಿ ಹುಟ್ಟಿ, ಒತ್ತೊತ್ತಾದ ಗೂಡುಗಳಲ್ಲಿ ಹೇನು ಉಣ್ಣೆ ರೋಗಗಳಿಂದ ನರಳುತ್ತವೆ. ನಾವು ಚೆಲ್ಲಿದ ಕಾಳನ್ನು ತಿಂದ ಹಕ್ಕಿ ನಮಗೆ ಕಾಣುತ್ತದೆ. ಗೂಡಿನಲ್ಲಿ ಸತ್ತ ಮರಿ ಕಾಣುವುದಿಲ್ಲ. ಜಮಾ ಬರೆದು ಖರ್ಚು ಬರೆಯದ ಕಿರ್ದಿಯನ್ನು ನಮ್ಮ ಅಂಗಡಿಯಲ್ಲಿ ಯಾರೂ ಒಪ್ಪುವುದಿಲ್ಲ.

ಮಂಗಗಳ ಕಾಟವೆಂದು ದೂರು ಬಂದಾಗ ದೊಡ್ಡ ಗಡವನನ್ನು ಹಿಡಿಸಿ ದೂರ ಬಿಡಿಸುವ ಪದ್ಧತಿಯೂ ಉಂಟು. ಧಾರವಾಡದ ಪ್ರಯೋಗವನ್ನು ಓದಿದವರು ಹಾಗೆ ಮಾಡಿಸುವ ಮೊದಲು ಎರಡು ಸಲ ಯೋಚಿಸಿಯಾರು. ಮುಸುವದ ಹಿಂಡಿನಿಂದ ಗಡವನನ್ನು ತೆಗೆದರೆ ಹಿಂಡು ಶಾಂತವಾಗುವುದಿಲ್ಲ, ಹೊಸಬನು ಬರುತ್ತಾನೆ. ಮರಿಗಳ ಗತಿಯೇನೆಂಬುದನ್ನು 1966ರಿಂದಲೂ ಜಗತ್ತು ಬಲ್ಲದು. ಮೊದಲು ನಿಲ್ಲಿಸಬೇಕಾದದ್ದು ಮೆಟ್ಟಿಲ ಮೇಲಿನ ಬಾಳೆಹಣ್ಣನ್ನು.

ಪಾಂಜರಪೋಳಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕಟುಕರ ಕೈಯಿಂದ ಬಿಡಿಸಿ ತಂದ ದನವನ್ನು ಸ್ಥಳವಿಲ್ಲವೆಂದು ಹಿಂದಕ್ಕೆ ಕಳಿಸಿರೆಂದು ಹೇಳಲು ನಾನು ಸಿದ್ಧನಿಲ್ಲ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಾವೆಲ್ಲ ಬಲ್ಲೆವು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಇವುಗಳಲ್ಲಿ ಮೊದಲನೆಯದಾಗಿ ಬಂಧನವನ್ನು ಹೇಳಿರುವುದು ಗಮನಾರ್ಹ. ನೂರು ದನಗಳ ಕೊಟ್ಟಿಗೆಯಲ್ಲಿ ಇನ್ನೂರು ನಿಂತರೆ ಬಲವಾದದ್ದು ಮೇವಿನ ಬಾನಿಗೆ ಮೊದಲು ಮುಟ್ಟುತ್ತದೆ, ಕುಂಟದನ ಹಿಂದುಳಿಯುತ್ತದೆ. ಆಗ ಅನ್ನ ತಡೆದವರು ಯಾರು? ಹಾಯ್ದ ದನವೆಂದು ಹೇಳಿ ಟ್ರಸ್ಟಿನವರು ಕೈತೊಳೆಯಲಾಗದು. ಬಾನಿಗಳನ್ನು ಒಂದೇ ಸಾಲಿನಲ್ಲಿಡದೆ ನಾಲ್ಕು ಮೂಲೆಗಳಿಗೆ ಹಂಚಿದರೆ, ದುರ್ಬಲವಾದವಕ್ಕೆ ಬೇರೆ ಅಂಕಣ ಮಾಡಿದರೆ, ಹೋರಿಗಳನ್ನು ಬೇರ್ಪಡಿಸಿದರೆ ಅದೇ ಸ್ಥಳದಲ್ಲಿ ಅರ್ಧ ನೋವು ಕಡಿಮೆಯಾದೀತು. ಇದಕ್ಕೆ ಹೆಚ್ಚಿನ ಹಣ ಬೇಡ. ಆಡಳಿತ ಮಂಡಳಿಯವರು ಮೇವು ಹಾಕುವ ಹೊತ್ತಿನಲ್ಲಿ ಒಂದು ತಾಸು ಅಲ್ಲಿ ನಿಲ್ಲಬೇಕು.

ನಮ್ಮ ಟ್ರಸ್ಟುಗಳ ವಾರ್ಷಿಕ ವರದಿಗಳಲ್ಲಿ ಎಷ್ಟು ಜೀವಗಳಿಗೆ ಅಭಯ ಕೊಡಲಾಯಿತು, ಮೇವಿಗೆ ಎಷ್ಟು ರೂಪಾಯಿ ತಗಲಿತು, ದಾನಿಗಳು ಯಾರು ಎಂಬುದು ಅಚ್ಚುಕಟ್ಟಾಗಿ ಅಚ್ಚಾಗಿರುತ್ತದೆ. ಒಂದೊಂದು ದನಕ್ಕೆ ಎಷ್ಟು ಚದರ ಅಡಿ ನೆಲ ದೊರೆಯಿತು, ವರ್ಷದಲ್ಲಿ ಎಷ್ಟು ಸತ್ತವು, ಯಾವ ತಿಂಗಳಲ್ಲಿ ಹೆಚ್ಚು ಸತ್ತವು ಎಂಬ ಎರಡು ಸಾಲುಗಳನ್ನು ಬರುವ ವರ್ಷದ ಲೆಕ್ಕಪತ್ರದಲ್ಲಿ, ಮೇವಿನ ಖರ್ಚಿನ ಕೆಳಗೆ, ಸೇರಿಸಬೇಕೆಂದು ಟ್ರಸ್ಟುಗಳ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ. ಅಳತೆಗೆ ಟೇಪು ಸಾಕು. ಮಳೆಗಾಲ ಆರಂಭವಾಗುವ ಮೊದಲು ಅಳೆದರೆ ಒಳ್ಳೆಯದು, ಏಕೆಂದರೆ ಕೊಟ್ಟಿಗೆಯ ನೆಲ ಕೆಸರಾದ ಮೇಲೆ ದನಗಳು ಒಣಗಿದ ಮೂಲೆಯಲ್ಲಿಯೇ ಗುಂಪುಗೂಡುತ್ತವೆ.